ಸೂಜಿ ಚಿಕಿತ್ಸೆ: ಕರಪತ್ರದಲ್ಲಿ ಇಲ್ಲದ ಮಾತುಗಳು

ಕತೆ, ಕವಿತೆ, ಕಾದಂಬರಿಗಳನ್ನು ವಿಮರ್ಶಿಸುವ ನಾವು ಕರಪತ್ರಗಳನ್ನು ವಿಮರ್ಶಿಸುವುದಿಲ್ಲ. ಆದರೆ ನಮ್ಮ ಊರುಗಳಲ್ಲಿ ಕತೆಗಿಂತ ಹೆಚ್ಚು ಜನ ಓದುವುದು ಕರಪತ್ರವನ್ನೇ. ಹೊಸಪೇಟೆಯ ಬಸ್ ನಿಲ್ದಾಣದ ಕಂಬಗಳ ಮೇಲೆ, ಕಂಪ್ಲಿಯ ಸಂತೆಯಲ್ಲಿ, ಸಂಡೂರಿನ ಚಹಾದಂಗಡಿಯ ಗೋಡೆಯಲ್ಲಿ, ಶುಕ್ರವಾರದ ನಮಾಜು ಮುಗಿಸಿ ಮಸೀದಿಯ ಮೆಟ್ಟಿಲು ಇಳಿಯುವವರ ಕೈಯಲ್ಲಿ ಹಳದಿ, ಗುಲಾಬಿ ಬಣ್ಣದ ಈ ಕಾಗದಗಳು ಕಾಣುತ್ತವೆ. ಅವುಗಳಲ್ಲಿ ಅಕ್ಯುಪಂಕ್ಚರ್, ಅಕ್ಯುಪ್ರೆಶರ್, ಹಿಜಾಮಾ, ಚೀನೀ ಮೂಲಿಕೆ ಎಲ್ಲವೂ ಒಂದೇ ಸೂರಿನಡಿ ಸಿಗುತ್ತವೆ. ಕೆಳಗೆ ಕಾಯಿಲೆಗಳ ಪಟ್ಟಿ. ಮಂಡಿನೋವಿನಿಂದ ಆರಂಭವಾಗುವ ಈ ಪಟ್ಟಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಥೈರಾಯಿಡ್, ಪಾರ್ಶ್ವವಾಯುಗಳನ್ನು ದಾಟಿ ಸಂತಾನಭಾಗ್ಯದವರೆಗೆ ಹೋಗುತ್ತದೆ. ಪಟ್ಟಿ ಉದ್ದವಾದಷ್ಟೂ ಅಕ್ಷರ ಸಣ್ಣದಾಗುತ್ತದೆ. ಫೋನ್ ನಂಬರು ಮಾತ್ರ ದೊಡ್ಡದಾಗಿಯೇ ಇರುತ್ತದೆ.

ಇದನ್ನು ನಗೆಯಾಡಿ ಬಿಡುವುದು ಸುಲಭ. ನಮ್ಮ ಉದ್ದೇಶ ಅದಲ್ಲ. ಸೂಜಿ ಚಿಕಿತ್ಸೆಯೆಂದರೆ ಬರೀ ಮೋಸ ಎಂದು ತೀರ್ಪು ಕೊಡುವುದೂ ನಮ್ಮ ಕೆಲಸವಲ್ಲ, ಯಾಕೆಂದರೆ ಆ ಮಾತು ನಿಜವಲ್ಲ. ಕತೆ ಬರೆಯುವವರಾದ್ದರಿಂದ ನಮಗೆ ಕುತೂಹಲ ಹುಟ್ಟಿಸುವುದು ಈ ಕಾಗದ ಹೇಳುವ ಕತೆ. ಅದರಲ್ಲಿ ಮೂರು ಪದಗಳು ತಪ್ಪದೆ ಬರುತ್ತವೆ: ‘ಪುರಾತನ’, ‘ಚೀನೀ’, ‘ಅಡ್ಡಪರಿಣಾಮವಿಲ್ಲದ’. ಹಿಜಾಮಾ ಸೇರಿಕೊಂಡರೆ ನಾಲ್ಕನೆಯದಾಗಿ ‘ಸುನ್ನತ್’. ಈ ನಾಲ್ಕು ಮೊಹರುಗಳು ಬಿದ್ದ ಮೇಲೆ ರೋಗಿಗೆ ಪ್ರಶ್ನೆ ಕೇಳುವ ಜಾಗವೇ ಉಳಿಯುವುದಿಲ್ಲ. ಐದು ಸಾವಿರ ವರ್ಷದ ವಿದ್ಯೆಯನ್ನು ಕಂಪ್ಲಿಯ ಒಬ್ಬ ರೈತ ಹೇಗೆ ಪ್ರಶ್ನಿಸಿಯಾನು?

ಹಾಗಾಗಿ ಮೊದಲು ಆ ಐದು ಸಾವಿರ ವರ್ಷಗಳ ಲೆಕ್ಕ ನೋಡೋಣ. ಚೀನಾದ ಮಾವಾಂಗ್‌ದುಯಿ ಎಂಬಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಿದ ಒಂದು ಸಮಾಧಿಯಿಂದ 1973ರಲ್ಲಿ ವೈದ್ಯಬರಹಗಳು ಸಿಕ್ಕವು. ಅವುಗಳಲ್ಲಿ ಮೈಯೊಳಗಿನ ನಾಳಗಳ ವಿವರವಿದೆ. ಚರ್ಮದ ಮೇಲೆ ಮೂಲಿಕೆ ಸುಡುವ ಚಿಕಿತ್ಸೆಯೂ ಇದೆ. ಹೆಚ್ಚುಕಡಿಮೆ ನಮ್ಮ ಹಳ್ಳಿಗಳ ‘ಬರೆ’ಯ ದೂರದ ನೆಂಟ ಅನ್ನಬಹುದು. ಆದರೆ ಸೂಜಿಯ ಮಾತೇ ಇಲ್ಲ. ಸೂಜಿಯನ್ನು ವಿಸ್ತಾರವಾಗಿ ಹೇಳುವ ‘ಹುವಾಂಗ್‌ದಿ ನೇಜಿಂಗ್’ ಎಂಬ ಗ್ರಂಥ ಸುಮಾರು ಎರಡು ಸಾವಿರ ವರ್ಷ ಹಿಂದಿನದು. ಇದೂ ಸಣ್ಣ ವಯಸ್ಸೇನಲ್ಲ. ಆದರೆ ಅಂದಿನಿಂದ ಇಂದಿನವರೆಗೆ ಈ ವಿದ್ಯೆ ತುಂಗಭದ್ರೆಯ ಹಾಗೆ ಒಂದೇ ಸಮ ಹರಿದು ಬಂದಿಲ್ಲ. 1822ರಲ್ಲಿ ಚೀನಾದ ಚಕ್ರವರ್ತಿಯೇ ಅರಮನೆಯ ವೈದ್ಯಶಾಲೆಯಲ್ಲಿ ಸೂಜಿ ಚಿಕಿತ್ಸೆಯನ್ನು ನಿಷೇಧಿಸಿದ. 1929ರಲ್ಲಿ ಅಲ್ಲಿಯ ಸರಕಾರ ದೇಶೀಯ ವೈದ್ಯವನ್ನೇ ತೆಗೆದುಹಾಕುವ ನಿರ್ಣಯಕ್ಕೆ ಬಂದಿತ್ತು. ವೈದ್ಯರು ಬೀದಿಗಿಳಿದದ್ದರಿಂದ ಅದು ಜಾರಿಯಾಗಲಿಲ್ಲ. 20ನೇ ಶತಮಾನದಲ್ಲಿ ಚೆಂಗ್ ದಾನ್‌ಆನ್‌ನಂಥ ಸುಧಾರಕರು ಆಧುನಿಕ ದೇಹರಚನಾ ಶಾಸ್ತ್ರವನ್ನು ಓದಿ ಬಿಂದುಗಳ ನಕ್ಷೆಯನ್ನು ತಿದ್ದಿದರು. ಇಂದು ಶಿಬಿರಗಳ ಗೋಡೆಗೆ ತೂಗುಹಾಕಿರುವ ಮನುಷ್ಯಾಕೃತಿಯ ಚಿತ್ರಪಟ, ಕೂದಲಿನಷ್ಟು ತೆಳುವಾದ ಉಕ್ಕಿನ ಸೂಜಿ ಇವೆಲ್ಲ ನಮ್ಮ ಅಜ್ಜಂದಿರ ಕಾಲದಲ್ಲಿ ರೂಪುಗೊಂಡವು.

ಮಾವೋ ಅಧಿಕಾರಕ್ಕೆ ಬಂದ ಮೇಲೆ ಚೀನೀ ವೈದ್ಯಕ್ಕೆ ರಾಜಾಶ್ರಯ ಸಿಕ್ಕಿತು. ಕೋಟ್ಯಂತರ ಹಳ್ಳಿಗರಿದ್ದ ದೇಶದಲ್ಲಿ ಆಧುನಿಕ ವೈದ್ಯರು ಬೆರಳೆಣಿಕೆಯಷ್ಟಿದ್ದರು. ಇದ್ದ ವೈದ್ಯರನ್ನೆಲ್ಲ ಬಳಸಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ಮಾವೋ ಸ್ವತಃ ಚೀನೀ ಔಷಧವನ್ನು ನಂಬುತ್ತಿರಲಿಲ್ಲ, ತೆಗೆದುಕೊಳ್ಳುತ್ತಲೂ ಇರಲಿಲ್ಲ ಎಂದು ಅವರ ಖಾಸಗಿ ವೈದ್ಯ ಲಿ ಝೀಸುಯಿ ನೆನಪಿನ ಪುಸ್ತಕದಲ್ಲಿ ಬರೆದಿದ್ದಾರೆ. ಊರಿಗೆ ಉಪದೇಶ ಹೇಳುವುದು ಎಲ್ಲ ದೇಶಗಳ ನಾಯಕರಿಗೂ ಗೊತ್ತಿರುವ ವಿದ್ಯೆ.

ಪಶ್ಚಿಮದ ಜಗತ್ತಿಗೆ ಈ ಸೂಜಿ ಗೊತ್ತಾದ ರೀತಿಯೂ ಸ್ವಾರಸ್ಯವಾಗಿದೆ. 1971ರ ಜುಲೈನಲ್ಲಿ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ ಬೀಜಿಂಗಿನಲ್ಲಿದ್ದಾಗ ಅಪೆಂಡಿಸೈಟಿಸ್ ಆಯಿತು. ಅಲ್ಲಿನ ಆಸ್ಪತ್ರೆಯಲ್ಲಿ ಎಲ್ಲ ಕಡೆ ಮಾಡುವಂತೆಯೇ ಅರಿವಳಿಕೆಯ ಇಂಜೆಕ್ಷನ್ ಕೊಟ್ಟು ಆಪರೇಶನ್ ಮಾಡಿದರು. ಆಮೇಲೆ ಹೊಟ್ಟೆಯುಬ್ಬರದ ಸಂಕಟ ಕಾಣಿಸಿಕೊಂಡಾಗ ಸೂಜಿ ಚುಚ್ಚಿ, ಮೂಲಿಕೆಯ ಶಾಖ ಕೊಟ್ಟರು. ಸಂಕಟ ಇಳಿಯಿತು. ಇಷ್ಟನ್ನು ಅವರು ತಮ್ಮ ಪತ್ರಿಕೆಯಲ್ಲಿ ಬರೆದರು. ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ ಆಪರೇಶನ್ನನ್ನೇ ಸೂಜಿಯಿಂದ ಮಾಡಿದರು ಎಂದಾಯಿತು. ಇವತ್ತಿಗೂ ಆ ಕತೆ ಹಾಗೆಯೇ ಓಡಾಡುತ್ತಿದೆ. ನಡೆದದ್ದು ಸಣ್ಣದು, ಉಪಯೋಗದ್ದು. ಹಬ್ಬಿದ್ದು ದೊಡ್ಡದು, ಸುಳ್ಳು. ಸೂಜಿ ಚಿಕಿತ್ಸೆಯ ಇಡೀ ಚರಿತ್ರೆಯಲ್ಲಿ ಈ ಮಾದರಿ ಮತ್ತೆ ಮತ್ತೆ ಕಾಣುತ್ತದೆ.

ಇನ್ನು ಈ ಸೂಜಿ ಭಾರತಕ್ಕೆ ಬಂದ ಬಗೆ. ಇದು ಯಾವ ಕರಪತ್ರದಲ್ಲೂ ಇರುವುದಿಲ್ಲ. ಇದ್ದಿದ್ದರೆ ನಮಗೆ ಈ ಲೇಖನ ಬರೆಯುವ ಅಗತ್ಯ ಬೀಳುತ್ತಿರಲಿಲ್ಲವೇನೋ. ಆ ಕತೆಯ ಒಂದು ತುದಿ ನಮ್ಮ ಗಡಿಯಲ್ಲೇ, ಸೊಲ್ಲಾಪುರದಲ್ಲಿ ಇದೆ. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಒಂದೇ ಪೇಟೆಯಲ್ಲಿ ಕೇಳಿಸುವ ಆ ಗಿರಣಿಗಳ ಊರಿನಲ್ಲಿ 1910ರ ಅಕ್ಟೋಬರ್ 10ರಂದು ದ್ವಾರಕಾನಾಥ ಕೋಟ್ನಿಸ್ ಹುಟ್ಟಿದರು. ಅವರಿಗೆ ಇಪ್ಪತ್ತು ವರ್ಷವಾಗಿದ್ದಾಗ ಅದೇ ಊರಿನ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಎಂಬ ನಾಲ್ವರನ್ನು ಬ್ರಿಟಿಷರು 1931ರ ಜನವರಿಯಲ್ಲಿ ಗಲ್ಲಿಗೇರಿಸಿದರು. ಈ ಹೆಸರುಗಳನ್ನು ಒಟ್ಟಿಗೆ ಓದಿದರೆ ಆ ಕಾಲದ ಊರು ಹೇಗಿತ್ತು ಎಂದು ಬೇರೆ ಹೇಳಬೇಕಾಗಿಲ್ಲ.

ಜಪಾನ್ ಚೀನಾದ ಮೇಲೆ ದಂಡೆತ್ತಿ ಹೋದಾಗ ಚೀನಾದ ಸೇನಾನಿ ಝೂ ದೆ ನೆಹರೂ ಅವರಿಗೆ ಪತ್ರ ಬರೆದು ವೈದ್ಯಕೀಯ ನೆರವು ಕೇಳಿದರು. ಕಾಂಗ್ರೆಸ್ 1938ರಲ್ಲಿ ಐವರು ವೈದ್ಯರನ್ನು ಕಳಿಸಿತು: ಅಟಲ್, ಚೋಳಕರ್, ಕೋಟ್ನಿಸ್, ಬಸು, ಮುಖರ್ಜಿ. ತಾನೇ ಗುಲಾಮನಾಗಿದ್ದ ದೇಶವೊಂದು ಇನ್ನೊಂದು ದೇಶಕ್ಕೆ ವೈದ್ಯರನ್ನು ಕಳಿಸಿದ್ದು! ಕೋಟ್ನಿಸ್ ಚೀನೀ ಭಾಷೆ ಕಲಿತು, ಯುದ್ಧಭೂಮಿಯಲ್ಲಿ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿ, ನಾರ್ಮನ್ ಬೆಥೂನ್ ಹೆಸರಿನ ಆಸ್ಪತ್ರೆಯ ಮುಖ್ಯಸ್ಥರಾದರು. ಗುವೊ ಚಿಂಗ್‌ಲಾನ್ ಎಂಬ ದಾದಿಯನ್ನು ಮದುವೆಯಾದರು. ಮಗನಿಗೆ ‘ಯಿನ್‌ಹುವಾ’ ಎಂದು ಹೆಸರಿಟ್ಟರು. ಅದರಲ್ಲಿ ‘ಯಿನ್’ ಎಂದರೆ ಭಾರತ, ‘ಹುವಾ’ ಎಂದರೆ ಚೀನಾ. 1942ರ ಡಿಸೆಂಬರ್ 9ರಂದು ಮೂರ್ಛೆರೋಗ ಉಲ್ಬಣಿಸಿ ತೀರಿಕೊಂಡರು. ಆಗ ವಯಸ್ಸು 32.

ಇವರ ಕತೆಯನ್ನು ದೇಶಕ್ಕೆ ಹೇಳಿದವರು ಉರ್ದು ಕತೆಗಾರ ಖ್ವಾಜಾ ಅಹ್ಮದ್ ಅಬ್ಬಾಸ್. ಉರ್ದು ಶಾಲೆಯಲ್ಲಿ ಓದಿದ ನಮ್ಮಂಥವರಿಗೆ ಅಬ್ಬಾಸ್ ಎಂದರೆ ಮನೆಯ ಹಿರಿಯರಿದ್ದಂತೆ. ಅವರ ಪುಸ್ತಕವನ್ನು ಆಧರಿಸಿ 1946ರಲ್ಲಿ ವಿ. ಶಾಂತಾರಾಮ್ ‘ಡಾ. ಕೋಟ್ನಿಸ್ ಕೀ ಅಮರ್ ಕಹಾನಿ’ ಚಿತ್ರ ಮಾಡಿದರು. ಕೋಟ್ನಿಸ್ ಆಗಿ ಶಾಂತಾರಾಮ್ ಅವರೇ ನಟಿಸಿದರು, ಚಿಂಗ್‌ಲಾನ್ ಪಾತ್ರದಲ್ಲಿ ಜಯಶ್ರೀ. ಇಂದಿಗೂ ನೋಡಬಹುದಾದ ಚಿತ್ರ. ಆದರೆ ಅಬ್ಬಾಸರ ಮೇಲಿನ ಪ್ರೀತಿಯನ್ನು ಪಕ್ಕಕ್ಕಿಟ್ಟು ಒಂದು ಮಾತು ಹೇಳಲೇಬೇಕು. ಚಿತ್ರಕ್ಕೆ ಬೇಕಾಗಿದ್ದು ಹುತಾತ್ಮ. ಹೀಗಾಗಿ ಅದರ ವೈದ್ಯ ಸೋಂಕಿಗೆ ಔಷಧ ಹುಡುಕುತ್ತಾನೆ, ತನ್ನ ಮೈಮೇಲೆಯೇ ಪ್ರಯೋಗ ಮಾಡಿಕೊಳ್ಳುತ್ತಾನೆ. ಪ್ರೇಕ್ಷಕ ಕಣ್ಣೊರೆಸಿಕೊಳ್ಳುತ್ತಾನೆ. ದಿನವೂ ಡ್ರೆಸಿಂಗ್ ಬದಲಿಸುವುದು, ಹಳ್ಳಿಯ ಹುಡುಗರಿಗೆ ಶಸ್ತ್ರಚಿಕಿತ್ಸೆಯ ಪಾಠ ಹೇಳುವುದು, ನೀರು ಕುದಿಸಿ ಉಪಕರಣ ತೊಳೆಯುವುದು ಇಂಥವಕ್ಕೆ ಪರದೆಯ ಮೇಲೆ ಅಮರತ್ವ ಸಿಗುವುದು ಕಷ್ಟ. ವೈದ್ಯನನ್ನು ಪವಾಡಪುರುಷನಾಗಿ ನೋಡುವ ನಮ್ಮ ಅಭ್ಯಾಸಕ್ಕೆ ಈ ಒಳ್ಳೆಯ ಚಿತ್ರವೂ ಸ್ವಲ್ಪ ಎಣ್ಣೆ ಎರೆದಿದೆ.

ಕೋಟ್ನಿಸ್ ಸೂಜಿ ಚಿಕಿತ್ಸೆಯವರಲ್ಲ, ಶಸ್ತ್ರಚಿಕಿತ್ಸಕರು. ಸೂಜಿಯನ್ನು ತಂದವರು ಅವರ ಜೊತೆಗಾರ, ಕಲ್ಕತ್ತೆಯ ಬಿಜಯ್ ಕುಮಾರ್ ಬಸು. ಬದುಕಿ ಮರಳಿ ಬಂದರು ಎಂಬ ಕಾರಣಕ್ಕೋ ಏನೋ ಅವರ ಮೇಲೆ ಯಾರೂ ಅಂಥ ಚಿತ್ರ ಮಾಡಲಿಲ್ಲ. ಬಸು 1958ರಲ್ಲಿ ಮತ್ತೆ ಚೀನಾಕ್ಕೆ ಹೋದಾಗ ಸೂಜಿ ಚಿಕಿತ್ಸೆ ಕಲಿತು, 1959ರಲ್ಲಿ ಕಲ್ಕತ್ತೆಯಲ್ಲಿ ಆರಂಭಿಸಿದರು. ಅವರು ಎಂ.ಬಿ. ಓದಿದ ಆಧುನಿಕ ವೈದ್ಯರಾಗಿದ್ದರು ಎಂಬುದನ್ನು ಮರೆಯಬಾರದು. ಸೂಜಿ ಅವರ ಚೀಲದಲ್ಲಿದ್ದ ಅನೇಕ ಸಾಧನಗಳಲ್ಲಿ ಒಂದಾಗಿತ್ತೇ ಹೊರತು ಸ್ಟೆತೊಸ್ಕೋಪನ್ನು ಎಸೆದು ಹಿಡಿದದ್ದಲ್ಲ. 1962ರ ಯುದ್ಧದ ನಂತರ ಚೀನಾದ ಹೆಸರೆತ್ತುವುದೇ ಕಷ್ಟವಾದ ದಿನಗಳನ್ನೂ ದಾಟಿ ಅದು ಬಂಗಾಳದಲ್ಲಿ ಉಳಿಯಿತು. ಕೋಟ್ನಿಸ್ ಸ್ಮಾರಕ ಸಮಿತಿಯ ಹೆಸರಿನಲ್ಲಿ ಬಡವರಿಗಾಗಿ ಚಿಕಿತ್ಸಾ ಕೇಂದ್ರಗಳು ನಡೆದವು. ಮುಂದೆ 1996ರಲ್ಲಿ ಪಶ್ಚಿಮ ಬಂಗಾಳ ಸೂಜಿ ಚಿಕಿತ್ಸೆಗೆಂದೇ ಕಾಯಿದೆ ಮಾಡಿತು.

ಚೀನಾದಲ್ಲೂ ಸೂಜಿ ಹೀಗೇ ಒಂದು ದೊಡ್ಡ ವ್ಯವಸ್ಥೆಯ ಭಾಗವಾಗಿತ್ತು. 1960ರ ದಶಕದ ಕೊನೆಯಿಂದ ಅಲ್ಲಿ ಕೆಲಸ ಮಾಡಿದ ‘ಬರಿಗಾಲ ವೈದ್ಯರು’ ಕೆಲವೇ ತಿಂಗಳ ತರಬೇತಿ ಪಡೆದ ರೈತಮಕ್ಕಳು. ಅವರ ಚೀಲದಲ್ಲಿ ಸೂಜಿಯೂ ಇತ್ತು, ಮೂಲಿಕೆಯೂ ಇತ್ತು. ಲಸಿಕೆ, ಇಂಜೆಕ್ಷನ್ನು, ಸಾಮಾನ್ಯ ಮಾತ್ರೆಗಳೂ ಇದ್ದವು. ಬಾವಿಯ ನೀರು ಶುದ್ಧವಿದೆಯೇ, ಬಾಣಂತಿ ಹೇಗಿದ್ದಾಳೆ ಎಂದು ನೋಡುವುದೂ ಅವರದೇ ಕೆಲಸ. 1980ರ ದಶಕದಲ್ಲಿ ಸಾಮೂಹಿಕ ಕೃಷಿ ವ್ಯವಸ್ಥೆ ಮುರಿದಾಗ ಆ ವೈದ್ಯರೂ ಮರೆಯಾದರು. ನಮ್ಮ ಊರುಗಳಿಗೆ ಬಂದಿರುವುದು ಆ ಚೀಲದಿಂದ ಕಿತ್ತುಕೊಂಡ ಬರೀ ಸೂಜಿ. ನಮ್ಮ ತಕರಾರು ಇರುವುದು ಇಲ್ಲಿಯೇ.

ಈ ಸೂಜಿ ನಮ್ಮ ಭಾಗದಲ್ಲಿ ಯಾರ ಮೈ ಹುಡುಕಿಕೊಂಡು ಬಂದಿದೆ ನೋಡಿ. ಸಂಡೂರಿನ ಗುಡ್ಡಗಳಲ್ಲಿ ಅದಿರಿನ ಧಂದೆ ಉಕ್ಕಿ ಹರಿದ ಕಾಲದಲ್ಲಿ ಕಲ್ಲೊಡೆದವರು, ಬುಟ್ಟಿ ಹೊತ್ತವರು, ಟಿಪ್ಪರ್ ಓಡಿಸಿದವರು ಇವತ್ತು ಐವತ್ತರ ಆಸುಪಾಸಿನಲ್ಲಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದಾಗ ಅವರ ಕೂಲಿ ನಿಂತಿತು. ಸೊಂಟನೋವು, ಕೆಮ್ಮು ನಿಲ್ಲಲಿಲ್ಲ. ಕಂಪ್ಲಿಯ ಗದ್ದೆಗಳಲ್ಲಿ ಕೆಸರಿನೊಳಗೆ ದಿನವಿಡೀ ಬಾಗಿ ನಾಟಿ ಮಾಡುವ ಹೆಂಗಸರ ಬೆನ್ನು, ಕಬ್ಬು ಕಡಿಯುವವರ ಭುಜ, ಹಂಪಿಯ ಬಿಸಿಲಲ್ಲಿ ಪ್ರವಾಸಿಗರ ಹಿಂದೆ ನಡೆದು ನಡೆದು ಸವೆದ ಮಂಡಿ. ಸಂಡೂರಿನ ಲಂಬಾಣಿ ಹೆಂಗಸರ ಕೈಯಲ್ಲಂತೂ ಇನ್ನೊಂದು ಸೂಜಿ ಇದೆ. 2010ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕಸೂತಿ ಅವರದು. ಕನ್ನಡಿ, ದಾರ, ಕವಡೆ ಹಿಡಿದು ತಲೆ ಬಗ್ಗಿಸಿ ಕೂತವರ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಒಂದು ಸೂಜಿ ಕೊಟ್ಟ ನೋವನ್ನು ಇನ್ನೊಂದು ಸೂಜಿ ತೆಗೆಯುತ್ತದೆಂದು ಅವರು ಶಿಬಿರಕ್ಕೆ ಬರುತ್ತಾರೆ.

ನೋವು ಇಳಿಯುವುದೇ? ಹಲವರಿಗೆ ಇಳಿಯುತ್ತದೆ. ಇದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಲ್ಲ. ಜರ್ಮನಿಯಲ್ಲಿ ದೀರ್ಘಕಾಲದ ಸೊಂಟನೋವಿನ 1162 ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಶಾಸ್ತ್ರೋಕ್ತವಾಗಿ ಚುಚ್ಚಿದರು. ಎರಡನೆಯ ಗುಂಪಿಗೆ ಬಿಂದುಗಳಲ್ಲದ ಜಾಗದಲ್ಲಿ, ಹೆಚ್ಚು ಆಳಕ್ಕೆ ಇಳಿಸದೆ ಸುಮ್ಮನೆ ಚುಚ್ಚಿದರು. ಮೂರನೆಯ ಗುಂಪಿಗೆ ಮಾತ್ರೆ, ವ್ಯಾಯಾಮಗಳ ಮಾಮೂಲು ಚಿಕಿತ್ಸೆ. ಆರು ತಿಂಗಳ ನಂತರ ಗುಣ ಕಂಡವರು ಮೊದಲ ಗುಂಪಿನಲ್ಲಿ ನೂರಕ್ಕೆ 47.6, ಎರಡನೆಯದರಲ್ಲಿ 44.2, ಮೂರನೆಯದರಲ್ಲಿ 27.4. ಈ ಮೂರು ಅಂಕಿಗಳನ್ನು ನಿಧಾನವಾಗಿ ಓದಬೇಕು. ಸೂಜಿ ಮಾಮೂಲು ಚಿಕಿತ್ಸೆಗಿಂತ ಬಹಳ ಮೇಲು. ಆದರೆ ಸರಿಯಾದ ಜಾಗಕ್ಕೂ ತಪ್ಪು ಜಾಗಕ್ಕೂ ವ್ಯತ್ಯಾಸ ತೀರ ಕಡಿಮೆ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದವರು ದೀರ್ಘಕಾಲದ ನೋವಿನಲ್ಲಿ ನಿಜವಾದ ಬಿಂದುಗಳಿಗೆ ಅಲ್ಪ ಮೇಲುಗೈ ಇದೆ ಎಂದಿದ್ದಾರೆ. ಅಲ್ಪ ಎಂಬುದೇ ಅಲ್ಲಿನ ಮುಖ್ಯ ಪದ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ 2016ರಲ್ಲಿ ಸೊಂಟನೋವಿನ ಪಟ್ಟಿಯಿಂದ ಸೂಜಿಯನ್ನು ಕೈಬಿಟ್ಟಿತು, 2021ರಲ್ಲಿ ಕಾರಣ ಗೊತ್ತಾಗದ ದೀರ್ಘ ನೋವಿಗೆ ಇದನ್ನೂ ಪ್ರಯತ್ನಿಸಬಹುದು ಎಂದಿತು. ತಿಳಿದವರಲ್ಲೇ ಮಾತು ಇನ್ನೂ ಮುಗಿದಿಲ್ಲ. ಸಕ್ಕರೆ ಕಾಯಿಲೆ, ಕ್ಷಯ, ಕ್ಯಾನ್ಸರುಗಳನ್ನು ಸೂಜಿ ವಾಸಿ ಮಾಡುತ್ತದೆ ಎಂಬುದಕ್ಕೆ ಮಾತ್ರ ಆಧಾರವಿಲ್ಲ.

ಹಾಗಾದರೆ ತಪ್ಪು ಜಾಗದಲ್ಲಿ ಚುಚ್ಚಿದರೂ ನೂರಕ್ಕೆ ನಲವತ್ತನಾಲ್ಕು ಜನರ ನೋವು ಇಳಿದದ್ದು ಯಾಕೆ? ಇಲ್ಲಿ ವೈದ್ಯರಿಗಿಂತ ಕತೆಗಾರರಿಗೆ ಸ್ವಲ್ಪ ಹೆಚ್ಚು ಅರ್ಥವಾಗುತ್ತದೆಂದು ನಮ್ಮ ಅನಿಸಿಕೆ. ಸೂಜಿ ಹಾಕುವವರು ರೋಗಿಯನ್ನು ಮಲಗಿಸುತ್ತಾರೆ. ನಾಡಿ ಹಿಡಿಯುತ್ತಾರೆ. ಎಲ್ಲಿ ನೋವು, ಎಂದಿನಿಂದ, ನಿದ್ದೆ ಬರುತ್ತದೆಯೇ, ಮನೆಯಲ್ಲಿ ಏನು ಚಿಂತೆ ಎಂದು ಕೇಳುತ್ತಾರೆ. ಅರ್ಧ ಗಂಟೆ ಯಾರೂ ಅವಳನ್ನು ಏಳು ಎನ್ನುವುದಿಲ್ಲ. ನಾಟಿ ಮಾಡುವ ಹೆಂಗಸಿಗೆ ಹಗಲಿನಲ್ಲಿ ಅರ್ಧ ಗಂಟೆ ಮಲಗುವ ಹಕ್ಕು ಇನ್ನೆಲ್ಲಿ ಸಿಕ್ಕೀತು? ಸರಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಚೀಟಿಗೆ ಒಂದು ಸಾಲು, ಡಾಕ್ಟರಿಗೆ ಒಂದು ಸಾಲು, ಮಾತ್ರೆಗೆ ಮತ್ತೊಂದು ಸಾಲು. ಡಾಕ್ಟರು ತಲೆಯೆತ್ತಿ ನೋಡುವುದು ಎರಡು ನಿಮಿಷ. ಅವರ ತಪ್ಪೂ ಅಲ್ಲ, ಹಿಂದೆ ನೂರು ಜನ ನಿಂತಿರುತ್ತಾರೆ. ನಮ್ಮ ಜನ ಅಜ್ಞಾನದಿಂದ ಸೂಜಿಯ ಕಡೆ ಹೋಗುತ್ತಾರೆ ಎಂದು ಬೈಯುವ ವಿಚಾರವಾದಿ ಗೆಳೆಯರು ಇದನ್ನು ಗಮನಿಸಬೇಕು. ಅವರು ಹೋಗುವುದು ಕೇಳುವ ಕಿವಿಯನ್ನು ಹುಡುಕಿಕೊಂಡು.

ಆದರೆ ಕೇಳುವ ಕಿವಿಗೂ ಮಿತಿಯಿದೆ. ಗಣಿಯ ಧೂಳು ಕುಡಿದ ಎದೆಯ ಕೆಮ್ಮು ಸಿಲಿಕೋಸಿಸ್ ಇರಬಹುದು, ಕ್ಷಯ ಇರಬಹುದು. ಒಂದನ್ನು ಇನ್ನೊಂದೆಂದು ಆಸ್ಪತ್ರೆಗಳೇ ಎಡವುವುದುಂಟು. ಎಕ್ಸ್‌ರೇ ಇಲ್ಲದೆ, ಕಫ ಪರೀಕ್ಷೆಯಿಲ್ಲದೆ ‘ಶ್ವಾಸಕೋಶದ ಶಕ್ತಿ ಕುಂದಿದೆ’ ಎಂದು ಹತ್ತು ಸಲ ಸೂಜಿ ಹಾಕಿದರೆ ಅಷ್ಟು ದಿನ ಮನೆಯವರಿಗೆಲ್ಲ ಸೋಂಕು ಹರಡುತ್ತಿರುತ್ತದೆ. ನಮ್ಮ ಓಣಿಯಲ್ಲಿ ನಮಗೆ ಗೊತ್ತಿದ್ದ ಒಬ್ಬ ಖಾಲಾ, ಮಂಡಿನೋವಿಗೆ ಶಿಬಿರಕ್ಕೆ ಹೋದವರು, ನೋವು ಕಡಿಮೆಯಾದ ಖುಷಿಯಲ್ಲಿ ಶುಗರಿನ ಮಾತ್ರೆ ಬಿಟ್ಟರು. ಬಿಡಿ ಎಂದು ಯಾರೂ ನೇರವಾಗಿ ಹೇಳಿರಲಿಲ್ಲವಂತೆ. ‘ಇಂಗ್ಲಿಷ್ ಔಷಧದಿಂದ ಬಿಡುಗಡೆ’ ಎಂದು ಕಾಗದದಲ್ಲಿ ಇತ್ತು, ಅಷ್ಟೇ. ಆರು ತಿಂಗಳಲ್ಲಿ ಕಾಲಿನ ಹುಣ್ಣು ಕೊಳೆತು ಎರಡು ಬೆರಳು ಹೋದವು. ‘ಮಂಡಿ ಮಾತ್ರ ಚೆನ್ನಾಗೈತಪ್ಪಾ’ ಎಂದು ಅವರು ಈಗಲೂ ಹೇಳುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಒಂದು ಕಡೆ ನಿಜವಾದ ಉಪಕಾರ ಮಾಡಿದ ಚಿಕಿತ್ಸೆಯೇ ಇನ್ನೊಂದು ಕಡೆ ಕರಪತ್ರದ ಒಂದು ಸಾಲಿನ ಮೂಲಕ ಬೆರಳು ತೆಗೆಸಿತು.

ಇನ್ನು ‘ಸುನ್ನತ್’ ಎಂಬ ಮೊಹರಿನ ವಿಚಾರ. ಪ್ರವಾದಿಯವರು ಹಿಜಾಮಾ ಮಾಡಿಸಿಕೊಂಡದ್ದು, ಮಾಡಿದವನಿಗೆ ಕೂಲಿ ಕೊಟ್ಟದ್ದು ಬುಖಾರಿಯ ಸಂಗ್ರಹದಲ್ಲಿ ದಾಖಲಾಗಿದೆ. ಅದರಲ್ಲಿ ತಕರಾರಿಲ್ಲ. ಹಿಜಾಮಾ ನಮ್ಮಲ್ಲಿ ಹೊಸದೂ ಅಲ್ಲ. ದಖನಿಯಲ್ಲಿ ‘ಸಿಂಗಿ ಲಗಾನಾ’ ಎಂದರೆ, ಕನ್ನಡದಲ್ಲಿ ಕೊಂಬು ಹಚ್ಚಿ ಕೆಟ್ಟ ರಕ್ತ ತೆಗೆಯುವುದೆಂದರೆ ಹಳಬರಿಗೆ ತಿಳಿಯುತ್ತದೆ. ಈಗ ಕೊಂಬಿನ ಜಾಗಕ್ಕೆ ಪ್ಲಾಸ್ಟಿಕ್ ಕಪ್ಪು ಬಂದಿದೆ. ಹಿಂದೆ ಕೊಂಬು ಹಚ್ಚುವವನು ಊರಿಂದೂರಿಗೆ ಅಲೆಯುವ ಬಡವ, ಅವನು ಯಾವ ಧರ್ಮದವನೆಂದು ಯಾರೂ ಕೇಳುತ್ತಿರಲಿಲ್ಲ. ಈಗ ಅದೇ ಕೆಲಸಕ್ಕೆ ಧರ್ಮದ ಹೆಸರು ಬಂದಿದೆ, ಜೊತೆಗೆ ಫೀಸೂ ಏರಿದೆ.

ಆರು ನೂರು ವರ್ಷಗಳ ಹಿಂದೆಯೇ ಇಬ್ನ್ ಖಲ್ದೂನ್ ತನ್ನ ‘ಮುಖದ್ದಿಮಾ’ದಲ್ಲಿ ಈ ಗೊಂದಲವನ್ನು ಬಿಡಿಸಿದ್ದರು. ಪ್ರವಾದಿಯವರ ಹೆಸರಿನಲ್ಲಿ ಹೇಳುವ ವೈದ್ಯ ಅಂದಿನ ಅರಬರ ರೂಢಿಗೆ ಸೇರಿದ್ದು, ದಿವ್ಯವಾಣಿಗೆ ಸೇರಿದ್ದಲ್ಲ, ಅವರು ಬಂದದ್ದು ಧರ್ಮ ಕಲಿಸಲಿಕ್ಕೇ ಹೊರತು ವೈದ್ಯ ಕಲಿಸಲಿಕ್ಕಲ್ಲ ಎಂಬುದು ಅವರ ವಾದದ ತಿರುಳು. ಹಾಗೆಂದು ಶ್ರದ್ಧೆಯಿಂದ ಮಾಡಿಸಿಕೊಂಡರೆ ಲಾಭವಿಲ್ಲ ಎಂದು ಅವರು ಹೇಳಲಿಲ್ಲ. ಶ್ರದ್ಧೆಯ ಜಾಗವನ್ನು ಶ್ರದ್ಧೆಗೆ, ಔಷಧದ ಜಾಗವನ್ನು ಔಷಧಕ್ಕೆ ಕೊಟ್ಟರು. ವಿದ್ಯೆಗಾಗಿ ಚೀನಾದವರೆಗೂ ಹೋಗಬೇಕೆಂಬ ಪ್ರಸಿದ್ಧ ಮಾತನ್ನೂ ಕೆಲವರು ಅಕ್ಯುಪಂಕ್ಚರ್ ಕರಪತ್ರದ ತಲೆಯ ಮೇಲೆ ಹದೀಸ್ ಎಂದು ಅಚ್ಚು ಹಾಕಿಸುತ್ತಾರೆ. ಅದರ ವರದಿ ದುರ್ಬಲವೆಂದು, ಕೆಲವರ ಪ್ರಕಾರ ಕಟ್ಟಿದ್ದೆಂದು ಹದೀಸ್ ವಿದ್ವಾಂಸರೇ ಹೇಳಿದ್ದಾರೆ.

ನಿಜವಾಗಿ ಚೀನಾದಿಂದ ವಿದ್ಯೆ ತಂದವರು ನಮ್ಮ ಪರಂಪರೆಯಲ್ಲಿ ಇದ್ದರು. ಅವರು ಕರಪತ್ರದಲ್ಲಿ ಬರುವುದಿಲ್ಲ. ಇರಾನಿನ ಮಂಗೋಲ್ ದೊರೆಗಳ ವಜೀರನೂ ಸ್ವತಃ ವೈದ್ಯನೂ ಆಗಿದ್ದ ರಶೀದುದ್ದೀನ್ ಹಮದಾನಿ 1313ರ ಹೊತ್ತಿಗೆ ತಬ್ರೀಜಿನಲ್ಲಿ ‘ತನ್ಸೂಖ್‌ನಾಮಾ’ ಎಂಬ ಪಾರ್ಸಿ ಗ್ರಂಥ ಸಿದ್ಧಪಡಿಸಿದ. ಚೀನಾದ ವೈದ್ಯಗ್ರಂಥಗಳನ್ನು ಚಿತ್ರಸಹಿತ ಅನುವಾದ ಮಾಡಿಸಿದ ಯೋಜನೆ ಅದು. ನಾಡಿಪರೀಕ್ಷೆಯ ಮೇಲಿನ ಪದ್ಯರೂಪದ ಚೀನೀ ಗ್ರಂಥವೊಂದು ಅದರಲ್ಲಿದೆ. ಅದರ ಹಸ್ತಪ್ರತಿ ಇಸ್ತಾಂಬುಲ್ಲಿನಲ್ಲಿ ಉಳಿದಿದೆ. ಇಬ್ನ್ ಸೀನಾನ ‘ಖಾನೂನ್’ ಓದಿ ನಾಡಿ ಹಿಡಿಯುತ್ತಿದ್ದ ಹಕೀಮರು ಚೀನಾದವರು ನಾಡಿಯನ್ನು ಹೇಗೆ ಹಿಡಿಯುತ್ತಾರೆ ಎಂದು ಭಾಷೆ ಕಲಿತು, ಅನುವಾದಿಸಿ, ಟಿಪ್ಪಣಿ ಬರೆದು ಅರ್ಥಮಾಡಿಕೊಳ್ಳಲು ಹೊರಟಿದ್ದರು. ‘ಚೀನೀ’ ಎಂಬ ಪದ ಅವರಿಗೆ ಮೊಹರಾಗಿರಲಿಲ್ಲ, ಓದಬೇಕಾದ ಪುಸ್ತಕವಾಗಿತ್ತು.

ಹಂಪಿಗೂ ಇಂಥ ಒಂದು ನಂಟಿದೆ. ಹೆರಾತಿನ ಶಾರುಖ್ ದೊರೆಯ ರಾಯಭಾರಿ ಅಬ್ದುರ್ರಜಾಕ್ 1443ರಲ್ಲಿ ಎರಡನೇ ದೇವರಾಯನ ವಿಜಯನಗರಕ್ಕೆ ಬಂದವನು. ಅವನ ಚರಿತ್ರೆಯ ಗ್ರಂಥದಲ್ಲಿ ವಿಜಯನಗರದ ಜೊತೆಗೆ, ಅದೇ ಶಾರುಖ್ 1419ರಲ್ಲಿ ಚೀನಾಕ್ಕೆ ಕಳಿಸಿದ ನಿಯೋಗದ ವೃತ್ತಾಂತವೂ ಸೇರಿದೆ. ನಮ್ಮ ಬಜಾರೂ ಚೀನಾದ ಅರಮನೆಯೂ ಒಂದೇ ಪುಸ್ತಕದ ಎರಡು ಅಧ್ಯಾಯಗಳು! ವಿಜಯವಿಠ್ಠಲನ ಗುಡಿಯ ಕಲ್ಲಿನಲ್ಲಿರುವ ಕುದುರೆ ವ್ಯಾಪಾರಿಗ ಳನ್ನು ತೋರಿಸಿ ‘ಇವರು ಚೀನಿಯರು’ ಎನ್ನುವ ಗೈಡುಗಳಿಗೆ ಇದನ್ನು ಯಾರಾದರೂ ಹೇಳಬೇಕು. ಅಷ್ಟೆಲ್ಲ ನೋಡಿದ ಅಬ್ದುರ್ರಜಾಕನೂ ವೀಳ್ಯದೆಲೆಯ ವಿಷಯಕ್ಕೆ ಬಂದಾಗ ಮಾರುಹೋದ. ದೊರೆಯ ಅಂತಃಪುರದ ದೊಡ್ಡ ಸಂಖ್ಯೆಗೆ ಎಲೆಯ ಶಕ್ತಿಯೇ ಕಾರಣವಿರಬೇಕೆಂದು ಬರೆದುಬಿಟ್ಟ. ಆರೋಗ್ಯದ ವಿಷಯದಲ್ಲಿ ಜಾಣರೂ ಕರಪತ್ರದ ಭಾಷೆಗೆ ಜಾರುವುದು ಹಳೆಯ ರೋಗ.

ಹಳೆಯ ಗ್ರಂಥವನ್ನು ಗೌರವಿಸುವ ಇನ್ನೊಂದು ಕ್ರಮವೂ ಉಂಟು. ಚೀನಾದ ತು ಯುಯು ಮಲೇರಿಯಾಕ್ಕೆ ಔಷಧ ಹುಡುಕುತ್ತಿದ್ದಾಗ ನಾಲ್ಕನೇ ಶತಮಾನದ ವೈದ್ಯ ಗೆ ಹೊಂಗ್ ಬರೆದ ಸಾಲೊಂದನ್ನು ಓದಿ, ಮೂಲಿಕೆಯನ್ನು ಕುದಿಸಬಾರದಿತ್ತು ಎಂದು ಊಹಿಸಿದರು. ಕಡಿಮೆ ಶಾಖದಲ್ಲಿ ಸಾರ ತೆಗೆದರು, ಇಲಿಗಳ ಮೇಲೆ ಪರೀಕ್ಷಿಸಿದರು, ತಾವೇ ಕುಡಿದು ನೋಡಿದರು, ಆಮೇಲೆ ರೋಗಿಗಳಿಗೆ ಕೊಟ್ಟರು. ಹಾಗೆ ಸಿಕ್ಕಿದ್ದೇ ಆರ್ಟಿಮಿಸಿನಿನ್. 2015ರಲ್ಲಿ ನೊಬೆಲ್ ಬಂತು. ಇಂದು ಫಾಲ್ಸಿಪಾರಮ್ ಮಲೇರಿಯಾಕ್ಕೆ ನಮ್ಮ ಆರೋಗ್ಯ ಕೇಂದ್ರಗಳಲ್ಲೂ ಆ ವಂಶದ ಔಷಧವೇ ಬಳಕೆಯಲ್ಲಿದೆ. ಚೀನೀ ವೈದ್ಯದ ಪ್ರಯೋಜನ ಕಾಲುವೆ ನೀರಿನ ಕಂಪ್ಲಿಗೆ ಮುಟ್ಟಿದ ಅತ್ಯಂತ ಖಚಿತ ರೂಪ ಅದು. ಅದರ ಮೇಲೆ ‘ಪುರಾತನ’ ಎಂದು ಯಾರೂ ಬರೆಯುವುದಿಲ್ಲ.

ಒಳ್ಳೆಯ ಕೈಗಳೂ ನಮ್ಮ ನಡುವೆ ಇವೆ. ಹೊಸಪೇಟೆಯಲ್ಲಿ ನಮಗೆ ಪರಿಚಯವಿರುವ ಒಬ್ಬರು ನಾಟಿಯ ಹೆಂಗಸಿಗೆ ಸೊಂಟಕ್ಕೆ ಸೂಜಿ ಹಾಕುತ್ತಿದ್ದಾಗ ಆಕೆ ಕೇಳಿದಳು: ‘ಸರ, ಇನ್ನ ಬಿಪಿ ಗುಳಿಗಿ ಬಿಡಲೇನ್ರಿ?’ ಅವರು ಕೈ ನಿಲ್ಲಿಸಿ ಹೇಳಿದರು: ‘ಬ್ಯಾಡ ಯಮ್ಮಾ. ಸೂಜಿ ನೋವಿಗೆ. ಗುಳಿಗಿ ಕೊಟ್ಟ ಡಾಕ್ಟರನ್ನ ಕೇಳದ ಒಂದೂ ಬಿಡಬ್ಯಾಡ.’ ಆಕೆಯ ಮುಖ ಸ್ವಲ್ಪ ಸಪ್ಪಗಾಯಿತು. ಈ ಉತ್ತರದಿಂದ ಅವರಿಗೆ ಗಿರಾಕಿ ಹೆಚ್ಚಾಗುವುದಿಲ್ಲ.

ಕಾನೂನಿನ ಸ್ಥಿತಿಯನ್ನೂ ಓದುಗರು ತಿಳಿದಿರಬೇಕು. ಕೇಂದ್ರದ ಆರೋಗ್ಯ ಇಲಾಖೆ 2003ರಲ್ಲಿ ಇದನ್ನು ಒಂದು ಚಿಕಿತ್ಸಾ ವಿಧಾನವೆಂದು ಮಾತ್ರ ಒಪ್ಪಿ, ನೋಂದಾಯಿತ ವೈದ್ಯರು ಅಥವಾ ಸೂಕ್ತ ತರಬೇತಿ ಪಡೆದವರು ಮಾಡಬಹುದೆಂದಿತ್ತು. 2019ರಲ್ಲಿ ಸ್ವತಂತ್ರ ಪದ್ಧತಿಯೆಂದು ಮಾನ್ಯತೆ ನೀಡಿತು. ಮಹಾರಾಷ್ಟ್ರವೂ ಬಂಗಾಳದ ಹಾದಿಯಲ್ಲಿ ಪ್ರತ್ಯೇಕ ಕಾಯಿದೆ ಮಾಡಿಕೊಂಡಿದೆ. ಮಾನ್ಯತೆ ಎಂದರೆ ವಾರಾಂತ್ಯದ ಶಿಬಿರದಲ್ಲಿ ಸರ್ಟಿಫಿಕೇಟು ಪಡೆದವರಿಗೆಲ್ಲ ಪರವಾನಗಿ ಎಂದರ್ಥವಲ್ಲ. ಇನ್ನು ಸಕ್ಕರೆ ಕಾಯಿಲೆ, ಕ್ಯಾನ್ಸರ್, ಪಾರ್ಶ್ವವಾಯು ಗುಣಪಡಿಸುವ ಔಷಧವೆಂದು ಜಾಹೀರಾತು ಕೊಡುವುದನ್ನು 1954ರ ಕೇಂದ್ರ ಕಾಯಿದೆಯೇ ನಿಷೇಧಿಸಿದೆ. ಆ ಕಾಯಿದೆಗೆ ಎಪ್ಪತ್ತು ವರ್ಷ ದಾಟಿತು. ಕರಪತ್ರ ಹಂಚುವವರಿಗೂ, ಅಚ್ಚು ಹಾಕುವವರಿಗೂ, ಗೋಡೆಯ ಮೇಲೆ ನೋಡಿ ಮುಂದೆ ಹೋಗುವ ಅಧಿಕಾರಿಗಳಿಗೂ ಅದು ಗೊತ್ತಿದ್ದಂತಿಲ್ಲ.

ಈ ಕಾಗದಗಳಲ್ಲಿ ಬಹಳಷ್ಟಕ್ಕೆ ಹಿಂಬದಿ ಖಾಲಿಯಿರುತ್ತದೆ. ಅಂಗಡಿಯವರು ಅದರಲ್ಲಿ ಲೆಕ್ಕ ಬರೆಯುತ್ತಾರೆ, ಶೇಂಗಾ ಕಟ್ಟಿಕೊಡುತ್ತಾರೆ. ಅಲ್ಲಿ ಕೆಲವು ಸಾಲುಗಳಿಗೆ ಜಾಗವಿದೆ. ಸೂಜಿ ಹಾಕುವವರು ಎಲ್ಲಿ, ಎಷ್ಟು ವರ್ಷ ಕಲಿತರು, ನೋಂದಣಿ ಎಲ್ಲಿದೆ. ಪ್ರತಿ ರೋಗಿಗೂ ಹೊಸ ಸೂಜಿಯ ಪೊಟ್ಟಣ ಕಣ್ಣೆದುರೇ ಬಿಚ್ಚುತ್ತೇವೆ, ಯಾಕೆಂದರೆ ಬಳಸಿದ ಸೂಜಿಯಿಂದ ಕಾಮಾಲೆಯ ಹೆಪಟೈಟಿಸ್-ಬಿ ಹರಡುತ್ತದೆ. ಹಿಜಾಮಾದ ಬ್ಲೇಡಿಗೂ ಕಪ್ಪಿಗೂ ಇದೇ ಮಾತು. ಎದೆಯ ಮೇಲೆ ಆಳವಾಗಿ ಚುಚ್ಚಿದರೆ ಶ್ವಾಸಕೋಶಕ್ಕೆ ತೂತು ಬೀಳುವ ಅಪಾಯ ಉಂಟು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು ಮೊದಲೇ ಹೇಳಬೇಕು. ಎರಡು ವಾರ ಮೀರಿದ ಕೆಮ್ಮಿದ್ದರೆ ಮೊದಲು ಕಫ ಪರೀಕ್ಷೆ, ಸರಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡಿಲ್ಲ. ಶುಗರಿನ, ಬಿಪಿಯ, ಟಿಬಿಯ ಮಾತ್ರೆಗಳನ್ನು ನಮ್ಮ ಮಾತಿನ ಮೇಲೆ ಬಿಡಬೇಡಿ. ಫೀಸು ಇಷ್ಟು, ಐದಾರು ಸಲದಲ್ಲಿ ನೋವು ಇಳಿಯದಿದ್ದರೆ ಮುಂದುವರಿಸುವುದಿಲ್ಲ. ಇಷ್ಟನ್ನು ಅಚ್ಚು ಹಾಕಿದರೆ ಮುದ್ರಣದ ಖರ್ಚು ಹೆಚ್ಚೇನೂ ಆಗುವುದಿಲ್ಲ.